ಅಟ್ಟದ ಪಕ್ಕದ ಡಬ್ಬ

ನಮ್ಮ ತಿಪಟೂರು ಸೀಮೆಯ ಹೆಂಗಸರಿಗೆ ಸದ್ದು ಕೇಳಿ ಒಳಗಿನ ಗುಣ ಹೇಳುವ ವಿದ್ಯೆ ಯಾರೂ ಕಲಿಸದೆ ಬರುತ್ತದೆ. ಅಟ್ಟ ಹತ್ತಿ, ಒಂದು ಕಾಯಿ ಎತ್ತಿ, ಕಿವಿಯ ಹತ್ತಿರ ಕುಲುಕಿದರೆ ಮುಗಿಯಿತು. ನೀರು ತುಳುಕಾಡಿದರೆ ಇನ್ನೂ ಮೂರು ನಾಲ್ಕು ತಿಂಗಳು ಬಿಡಬೇಕು. ನೀರೆಲ್ಲ ಇಂಗಿ ಒಳಗೆ ಗಿಟುಕು ಲೊಟಲೊಟ ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಸುಲಿಯುವವರಿಗೆ ಹೇಳಿ ಕಳಿಸಬಹುದು. ಮದುವೆಯಾಗಿ ಈ ಮನೆಗೆ ಬಂದ 1989ರಿಂದ ನಾನು ಹೀಗೆ ಎಷ್ಟು ಕಾಯಿ ಕುಲುಕಿದ್ದೇನೋ ಲೆಕ್ಕವಿಲ್ಲ. ಆದರೆ 2024ರ ಜೂನ್ ತಿಂಗಳ ಒಂದು ರಾತ್ರಿ ಅದೇ ಅಟ್ಟದ ಪಕ್ಕದ ಕೋಣೆಯಿಂದ 'ಟಕ್... ಟಕ್... ಟಕ್' ಅಂತ ಬಂದ ಸದ್ದಿಗೆ ಮಾತ್ರ ನನ್ನ ವಿದ್ಯೆಯಲ್ಲಿ ಅರ್ಥವಿರಲಿಲ್ಲ.

ಇಲಿ ಇರಬೇಕು ಅಂದುಕೊಂಡು ಬ್ಯಾಟರಿ ಹಿಡಿದು ಹೋದೆ. ಸದ್ದು ಬರುತ್ತಿದ್ದದ್ದು ನಮ್ಮನೆಯವರ ಡಬ್ಬದಿಂದ. ಅದರ ಮುಂದಿನ ಎರಡು ದೀಪಗಳಲ್ಲಿ ಒಂದು ಆರಿಹೋಗಿತ್ತು. ಇನ್ನೊಂದು ಕೆಂಪಗೆ ಮಿಣುಕುತ್ತಿತ್ತು.

ಈ ಡಬ್ಬದ ಕಥೆ ಹೇಳಬೇಕು. ನಮ್ಮನೆಯವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. 2015ರಲ್ಲಿ ನಿವೃತ್ತರಾದರು. ಬಂದ ದುಡ್ಡಿನಲ್ಲಿ ಮಗಳಿಗೊಂದು ಸರ, ಮನೆಗೆ ಸುಣ್ಣಬಣ್ಣ ಎಂದೆಲ್ಲ ನಾನು ಲೆಕ್ಕ ಹಾಕುತ್ತಿದ್ದರೆ ಅವರು ಮಾರನೆ ವರ್ಷ ಬೆಂಗಳೂರಿಂದ ಒಂದು ಕರಿ ಡಬ್ಬ ಹೊತ್ತು ತಂದರು. ಎರಡು ಸೇರಿನ ಅಳತೆ, ಒಳಗೆ ಎರಡು ಡಿಸ್ಕು, ಹಿಂದೆ ಒಂದು ಫ್ಯಾನು. ಇಂಟರ್ನೆಟ್ ಡಬ್ಬಿಗೆ ವೈರು ಸಿಕ್ಕಿಸಿಟ್ಟರೆ ಮನೆಯ ಎಲ್ಲ ಫೋನು, ಕಂಪ್ಯೂಟರಿನ ಫೋಟೊ, ಕಾಗದಪತ್ರಗಳನ್ನೂ ಅದೇ ಇಟ್ಟುಕೊಳ್ಳುತ್ತದಂತೆ. "ಇದರ ಹೆಸರು ನಾಸ್" ಅಂದರು. ಆಗಿನ್ನೂ ಬದುಕಿದ್ದ ನಮ್ಮತ್ತೆಗೆ ಕಿವಿ ಮಂದ. "ಅಲ್ಲ ಕಣೋ, ಹೋಗಿ ಹೋಗಿ ನಾಶ ತಂದು ಮನೆಯೊಳಗೆ ಇಟ್ಟಿದ್ದೀಯಲ್ಲೋ" ಅಂತ ಕೂಗಾಡಿದರು. ಅವತ್ತಿಂದ ನಮ್ಮ ಮನೆಯಲ್ಲಿ ಅದಕ್ಕೆ ನಾಶದ ಡಬ್ಬ ಎಂದೇ ಹೆಸರು.

ಎರಡು ಡಿಸ್ಕು ಯಾಕೆ ಅಂದರೆ, ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಬರೆಯುತ್ತದೆ, ಕನ್ನಡಿಯ ಹಾಗೆ. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಹೀಗೆ ಅಗ್ಗದ ಡಿಸ್ಕುಗಳನ್ನು ಜೊತೆ ಕಟ್ಟುವ ಬಗೆಗಳನ್ನೆಲ್ಲ ವಿಂಗಡಿಸಿ ಬರೆದು 'ರೇಡ್' ಎಂದು ಹೆಸರಿಟ್ಟರಂತೆ. ಮೇಷ್ಟರು ನನಗೂ ಪಾಠ ಮಾಡದೆ ಬಿಡುತ್ತಿರಲಿಲ್ಲ. 1956ರಲ್ಲಿ ಐಬಿಎಂನವರು ಮಾಡಿದ ಮೊದಲ ಡಿಸ್ಕಿನಲ್ಲಿ ಐವತ್ತು ತಟ್ಟೆ, ಒಂದು ಟನ್ ತೂಕ, ಹಿಡಿಯುತ್ತಿದ್ದದ್ದು ಮಾತ್ರ ಐವತ್ತು ಲಕ್ಷ ಅಕ್ಷರ ಅನ್ನೋರು. ನಾನು ಒಗ್ಗರಣೆ ಹಾಕುತ್ತಾ ಹೂಂಗುಟ್ಟುತ್ತಿದ್ದೆ. ಕೊನೆಗೆ ನನ್ನ ತಲೆಯಲ್ಲಿ ಉಳಿದದ್ದು ಅವರ ಒಂದೇ ಮಾತು: "ಒಂದು ಹೋದ್ರೂ ಇನ್ನೊಂದು ಇರುತ್ತೆ ಕಣೆ, ಚಿಂತೆ ಬಿಡು."

ಅವರು ಅದರೊಳಗೆ ಏನೇನು ತುಂಬಿದರು! ಪಹಣಿ, ಮಕ್ಕಳ ಮಾರ್ಕ್ಸ್ ಕಾರ್ಡು, ಕೊಬ್ಬರಿ ಮಂಡಿಯ ಚೀಟಿ, ಹಳೆ ಆಲ್ಬಮ್ಮಿನ ಕಪ್ಪುಬಿಳುಪು ಫೋಟೊ. ಎಲ್ಲಕ್ಕಿಂತ ಮುಖ್ಯವಾಗಿ ನಮ್ಮತ್ತೆಯ ಹಾಡು. 1994ರಲ್ಲಿ ನನ್ನ ನಾದಿನಿಯ ಮದುವೆ. ಚಪ್ಪರದ ಹಿಂದಿನ ರಾತ್ರಿ ಅತ್ತೆ ಅಕ್ಕಿ ಹಸನು ಮಾಡುತ್ತಾ ಸೋಬಾನೆ ಹೇಳುತ್ತಿದ್ದಾಗ ಇವರು ಮೆಲ್ಲಗೆ ಟೇಪ್ ರೆಕಾರ್ಡರ್ ಇಟ್ಟುಬಿಟ್ಟರು. ಆಮೇಲೂ ಅಡಿಗೆಮನೆಯಲ್ಲಿ, ಜಗಲಿಯಲ್ಲಿ ಅಷ್ಟಿಷ್ಟು ಹಿಡಿದರು. ಒಟ್ಟು ಮೂರು ಕ್ಯಾಸೆಟ್ಟು, ಇಪ್ಪತ್ತಮೂರು ಹಾಡು. 2016ರ ಮಳೆಗಾಲ ಪೂರ್ತಿ ಕೂತು ಒಂದೊಂದಾಗಿ ಡಬ್ಬಕ್ಕೆ ಇಳಿಸಿದರು. ಕೇಳಿಸಿಕೊಳ್ಳಲಿ ಅಂತ ಅತ್ತೆಯ ಕಿವಿಗೆ ಇಯರ್‌ಫೋನು ಸಿಕ್ಕಿಸಿದರೆ ಅವರು ಕಣ್ಣು ಮುಚ್ಚಿ ತಲೆದೂಗಿ, "ಯಾರು ಮಗ ಈ ಹೆಂಗಸು, ಚೆನ್ನಾಗ್ ಹೇಳ್ತಾಳೆ" ಅಂದರು. 2018ರಲ್ಲಿ ಅತ್ತೆ ಹೋದರು. 2022ರ ಮಾರ್ಚಿನಲ್ಲಿ ಇವರೂ ಹೋದರು, ಒಂದು ಮಾತೂ ಹೇಳದೆ, ತೋಟದಿಂದ ಬಂದು ಕುರ್ಚಿಯಲ್ಲಿ ಕೂತವರು ಹಾಗೇ.

ಕ್ಯಾಸೆಟ್ಟುಗಳು ಎಲ್ಲಿ ಅಂತ ಕೇಳುತ್ತೀರಾ? ಬೂಷ್ಟು ಹಿಡಿದಿದ್ದವು. ಮನೆಗೆ ಬಣ್ಣ ಹೊಡೆಸುವಾಗ ಹಳೇ ಪೇಪರಿನ ಜೊತೆ ಗುಜರಿಗೆ ಹಾಕಿದವಳು ನಾನೇ. ಹೇಗೂ ಡಬ್ಬದಲ್ಲಿದೆಯಲ್ಲ!

ಇನ್ನೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ಅದಕ್ಕೆ ಎಂಟು ತಿಂಗಳ ಹಿಂದೆ, 2023ರ ಆಯುಧಪೂಜೆಗೆ, ಇವರಿದ್ದಾಗ ಮಾಡುತ್ತಿದ್ದ ಹಾಗೆ ಡಬ್ಬಕ್ಕೂ ಕುಂಕುಮ ಇಟ್ಟು ಸೇವಂತಿಗೆ ಏರಿಸಿದ್ದೆ. ಮಾರನೆ ದಿನ ಅದು ಬೀಪ್ ಬೀಪ್ ಅಂತ ಬಡಿದುಕೊಳ್ಳಲು ಶುರು ಮಾಡಿತು. ಕುಂಕುಮ ಒಳಗೆ ಹೋಯಿತೇನೋ ಅಂತ ಹೆದರಿ ಒರೆಸಿದೆ. ಆದರೂ ನಿಲ್ಲಲಿಲ್ಲ. ಹಿಂದೆ ಒಂದು ಸಣ್ಣ ಗುಂಡಿ ಇತ್ತು, ಒತ್ತಿದೆ. ಬಾಯಿ ಮುಚ್ಚಿಕೊಂಡಿತು. ಆ ಕೆಲಸ ಮುಗಿಸಿದ ನೆಮ್ಮದಿಯಲ್ಲಿ ಕಾಫಿ ಕುಡಿದೆ ಅಂತ ಕೂಡ ನೆನಪಿದೆ.

ಆ ರಾತ್ರಿ ಫೋನು ಮಾಡಿದ್ದು ತುರುವೇಕೆರೆಯಲ್ಲಿರುವ ತಂಗಿಯ ಮಗಳಿಗೆ. ಎಂಜಿನಿಯರಿಂಗ್ ಮೂರನೇ ವರ್ಷ. ಸದ್ದನ್ನು ಫೋನಿನಲ್ಲೇ ಕೇಳಿಸಿದೆ. "ದೊಡ್ಡಮ್ಮ, ವೈರು ಕಿತ್ತುಬಿಡಬೇಡ. ಮುಂದಿನ ಬಟನ್ ಒತ್ತಿ ಹಿಡ್ಕೋ, ಅದೇ ಮಲಗುತ್ತೆ. ಆಮೇಲೆ ನಾನು ಬರೋವರೆಗೂ ಮುಟ್ಟಬೇಡ. ಯಾರಿಗೂ ಮುಟ್ಟಕ್ಕೆ ಬಿಡಬೇಡ" ಅಂದಳು. ಅವಳಿಗೆ ಪರೀಕ್ಷೆ, ಬರುವುದು ನಾಲ್ಕು ದಿನ ತಡ.

ಆ ನಾಲ್ಕು ದಿನದಲ್ಲಿ ಬಂದ ಸಲಹೆಗಳನ್ನು ಬರೆದರೆ ಒಂದು ಪುಸ್ತಕವಾದೀತು. ಕಂಪ್ಯೂಟರ್ ಅಂಗಡಿಯ ಹುಡುಗ, "ತನ್ನಿ ಮೇಡಂ, ಹೊಸ ಡಿಸ್ಕ್ ಹಾಕಿ ಫಾರ್ಮ್ಯಾಟ್ ಮಾಡಿಕೊಡ್ತೀನಿ, ಹೊಸದರ ಹಾಗೇ ಆಗುತ್ತೆ" ಅಂದ. ಪಾಪ, ಸುಳ್ಳೇನೂ ಹೇಳಲಿಲ್ಲ. ಹೊಸದರ ಹಾಗೇ ಖಾಲಿ ಆಗುತ್ತಿತ್ತು. ಎದುರುಮನೆಯವರ ಅಳಿಯ, ಡಿಸ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದು ರಾತ್ರಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿಡಿ, ಬದುಕಿಕೊಳ್ಳುತ್ತೆ ಅಂದರು. ಹಳೇ ಕಾಲದ ಡಿಸ್ಕುಗಳಿಗೆ ಜನ ಹಾಗೆ ಮಾಡುತ್ತಿದ್ದರಂತೆ. ಈಗಿನದಕ್ಕೆ ಮಾಡಿದರೆ ಹೊರಗೆ ತೆಗೆದ ಕೂಡಲೇ ಒಳಗೆ ಬೆವರು ಕೂತು ಇರುವ ಜೀವವೂ ಹೋಗುತ್ತದೆ. ಹಾಲು ಹಾಕುವಾಕೆ, "ದಸರೀಘಟ್ಟಕ್ಕೆ ಹೋಗಿ ಕೇಳಮ್ಮ, ಚೌಡೇಶ್ವರಿ ಬರೆದು ಹೇಳ್ತಾಳೆ" ಅಂದಳು. ನಾನು ಮನಸ್ಸಿನಲ್ಲೇ ಒಂದು ಹರಕೆ ಹೊತ್ತದ್ದು ನಿಜ. ತಂಗಿಯ ಮಗಳಿಗೆ ಹೇಳಲಿಲ್ಲ, ಅಷ್ಟೆ.

ಶನಿವಾರ ಅವಳು ಬಸ್ಸಿಳಿದು ಬಂದವಳೇ ಕೈತೊಳೆದು ಡಬ್ಬ ಬಿಚ್ಚಿದಳು. ಎರಡು ಡಿಸ್ಕನ್ನೂ ಹೊರಗೆಳೆಯುವ ಮುಂಚೆ ಯಾವುದು ಯಾವ ಕಡೆ ಇತ್ತು ಅಂತ ಗುರುತು ಹಾಕಬೇಕು ಅಂದಳು. ಅಟ್ಟದ ಕಾಯಿ ರಾಶಿಗೆ ಗುರುತು ಹಾಕಿ ಅಭ್ಯಾಸವಿದ್ದ ನಾನು ಕುಂಕುಮದ ಬಟ್ಟಲು ತಂದೆ. "ಅಯ್ಯೋ ದೊಡ್ಡಮ್ಮ!" ಅಂತ ಕಿರುಚಿದಳು. ಕೊನೆಗೆ ನನ್ನ ಕನ್ನಡಿಯ ಮೇಲಿದ್ದ ಸ್ಟಿಕರ್ ಬೊಟ್ಟು ಕಿತ್ತು, ಎಡಗಡೆಯದಕ್ಕೆ ಕೆಂಪು, ಬಲಗಡೆಯದಕ್ಕೆ ಹಸಿರು ಅಂಟಿಸಿದೆವು.

ಏನಾಗಿದೆ ಅಂತ ತಿಳಿಯಲು ಡಬ್ಬ ಕಳಿಸಿದ ಪತ್ರಗಳನ್ನು ನೋಡಬೇಕಿತ್ತು. ಡಬ್ಬ ಪತ್ರ ಬರೆಯುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ. ತನಗೆ ಏನೇ ತೊಂದರೆಯಾದರೂ ಯಜಮಾನರ ಇಮೇಲಿಗೆ ಬರೆಯುತ್ತದಂತೆ. ಇಮೇಲಿನ ಪಾಸ್‌ವರ್ಡು ಇವರ ಕೊಬ್ಬರಿ ಲೆಕ್ಕದ ಪುಸ್ತಕದಲ್ಲಿ, ಸುಲಿದ ಕೂಲಿಗೂ ಚೀಲದ ಬೆಲೆಗೂ ನಡುವೆ ಸಿಕ್ಕಿತು. ಆದರೆ ಅಷ್ಟು ಸಾಲದು, ಅವರ ಫೋನಿಗೆ ಒಂದು ನಂಬರು ಬರುತ್ತದೆ, ಅದನ್ನೂ ಕೊಡಬೇಕು. ತಂಗಿಯ ಮಗಳ ಮುಖ ಸಪ್ಪಗಾಯಿತು. ಹೋದವರ ಸಿಮ್ಮು ಯಾರು ಇಟ್ಟುಕೊಂಡಿರುತ್ತಾರೆ?

ನಾನು ಇಟ್ಟುಕೊಂಡಿದ್ದೆ. ಪ್ರತಿಸಲ ಗಡುವು ಮುಗಿಯುವ ಮೊದಲು ರೀಚಾರ್ಜ್ ಮಾಡಿಸುತ್ತಿದ್ದೆ. "ದಂಡಕ್ಕೆ ಯಾಕಮ್ಮ ದುಡ್ಡು" ಅಂತ ಮಗ ಬೈದಿದ್ದ. ಯಾಕೆ ಅಂತ ನನಗೂ ಹೇಳಲು ಬರುತ್ತಿರಲಿಲ್ಲ. ಆ ನಂಬರಿಗೆ ಕರೆ ಮಾಡಿದರೆ 'ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ' ಅಂತ ಯಾರೋ ಹೆಂಗಸು ಹೇಳುವುದು ನನಗೆ ಬೇಡವಾಗಿತ್ತು. ಬೀರುವಿನಲ್ಲಿ ಸೀರೆಗಳ ಕೆಳಗಿದ್ದ ಫೋನು ಚಾರ್ಜಿಗೆ ಹಾಕಿದೆ. ಆರು ಅಂಕಿ ಟಿಣ್ ಅಂತ ಬಂತು.

ಮೊದಲ ಪತ್ರ 2023ರ ಅಕ್ಟೋಬರ್ 24ರದ್ದು. ಇವರ ಹೆಸರು ಹಿಡಿದು ಕರೆದು, ಎಡಗಡೆಯ ಡಿಸ್ಕಿನಲ್ಲಿ ಓದಲಾಗದ ಜಾಗಗಳಿವೆ, ಅದನ್ನು ಜೋಡಿಯಿಂದ ಹೊರಗಿಟ್ಟಿದ್ದೇನೆ, ಬೇಗ ಬದಲಾಯಿಸಿ ಅಂತ ಬರೆದಿತ್ತು. ಆಮೇಲೆ ಮತ್ತೊಂದು. ಮತ್ತೊಂದು. ಎಂಟು ತಿಂಗಳು ಅದು ಬರೆಯುತ್ತಲೇ ಇತ್ತು. ಹೋದವರಿಗೆ ಕಾಗದ ಬರೆದು ಉತ್ತರಕ್ಕೆ ಕಾಯುತ್ತಿದ್ದ ಆ ಡಬ್ಬವನ್ನು ಕಂಡು ನನಗೆ ಅವತ್ತು ಮೊದಲ ಸಲ ಒಂದು ತರಹದ ಸಲುಗೆ ಹುಟ್ಟಿತು.

2007ರಲ್ಲಿ ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಮೇಲ್ಪಟ್ಟ ಡಿಸ್ಕುಗಳ ಆರೋಗ್ಯ ಪರೀಕ್ಷೆ ಮಾಡಿ ಪ್ರಕಟಿಸಿದ್ದರಂತೆ. ಕೆಟ್ಟುಹೋದವುಗಳಲ್ಲಿ ಬಹಳಷ್ಟು ಯಾವ ಮುನ್ಸೂಚನೆಯನ್ನೂ ಕೊಡದೆ ಸತ್ತಿದ್ದವು. ನಮ್ಮದು ಕೂಗಿ ಕೂಗಿ ಹೇಳಿತ್ತು.

ಆ ಟಕ್ ಟಕ್ ಏನೆಂದು ಆಮೇಲೆ ತಿಳಿಯಿತು. ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆ ನಿಮಿಷಕ್ಕೆ ಐದಾರು ಸಾವಿರ ಸುತ್ತು ತಿರುಗುತ್ತದೆ. ಗ್ರಾಮಫೋನಿನ ಮುಳ್ಳಿನ ಹಾಗೆ ಅದರ ಮೇಲೊಂದು ಕೈ ಓಡಾಡುತ್ತದೆ. ಗ್ರಾಮಫೋನಿನಲ್ಲಿ ಮುಳ್ಳು ತಟ್ಟೆಗೆ ತಾಗಬೇಕು, ಇಲ್ಲಿ ಕೂದಲೆಳೆಗಿಂತ ಎಷ್ಟೋ ಪಟ್ಟು ಕಡಿಮೆ ಅಂತರದಲ್ಲಿ ತೇಲುತ್ತಿರಬೇಕು. ಆ ಕೈ ದಾರಿ ತಪ್ಪಿ, ಸಿಗದೆ, ಹಿಂದಕ್ಕೆ ಬಂದು ಮತ್ತೆ ಹುಡುಕುವಾಗ ಆಗುವ ಸದ್ದದು. ಹಸಿರು ಬೊಟ್ಟಿನ ಡಿಸ್ಕಿಗೆ ಹಾಗಾಗಿತ್ತು. ಧೂಳಿಲ್ಲದ ಕೋಣೆಯಿರುವ ಕಡೆ ಬಿಚ್ಚಿ ನೋಡಬೇಕು, ಬೆಂಗಳೂರಿನಲ್ಲಿ ವಿಚಾರಿಸಿದರೆ ಹತ್ತಾರು ಸಾವಿರ ಹೇಳಿದರು, ಅದೂ ಗ್ಯಾರಂಟಿ ಇಲ್ಲ. "ಇದನ್ನ ಇನ್ನು ಆನ್ ಮಾಡೋದೇ ಬೇಡ" ಅಂತ ಅವಳು ಅದನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟಳು. ಉಳಿದದ್ದು ಕೆಂಪು ಬೊಟ್ಟಿನದು, ಎಂಟು ತಿಂಗಳ ಹಿಂದೆಯೇ ಜೋಡಿಯಿಂದ ಹೊರಬಿದ್ದದ್ದು. ಅದಕ್ಕೆ ಕೈ ನೆಟ್ಟಗಿತ್ತು, ತಟ್ಟೆಯಲ್ಲಿ ಅಲ್ಲಲ್ಲಿ ಕಲೆ.

ಅದನ್ನೇ ಡಬ್ಬಕ್ಕೆ ಹಾಕಿ ಪಕ್ಕದಲ್ಲೊಂದು ಹೊಸ ಡಿಸ್ಕು ಕೂರಿಸಿದರೆ ಆಗದೇ ಎಂದೆ. ಹಾಗೆ ಮಾಡಿದರೆ ಡಬ್ಬ ಹೊಸದಕ್ಕೆ ಬರೆಯಲು ಹಳೆಯದನ್ನು ತುದಿಯಿಂದ ತುದಿಗೆ ಬಿಡದೆ ಓದಿಸುತ್ತದೆ. ಜ್ವರ ಬಂದವಳ ತಲೆಗೆ ತುಂಬಿದ ಬಿಂದಿಗೆ ಹೊರಿಸಿದ ಹಾಗೆ. ನಡುವೆ ಪರದೆಯ ಮೇಲೆ ಡಿಸ್ಕನ್ನು ಹೊಸದಾಗಿ ಸಿದ್ಧಪಡಿಸಲೇ ಅಂತ ಬೇರೆ ಕೇಳುತ್ತದೆ. ಅವಸರದಲ್ಲಿ ಹೂಂ ಅಂದವರ ಕಥೆ ಅಲ್ಲಿಗೆ ಮುಗಿಯಿತು. ಅವಳು ಮಾಡಿದ್ದೇ ಬೇರೆ. ಈ ಡಬ್ಬದ ಒಳಗೆ ಓಡುವುದೂ ಲಿನಕ್ಸೇ ಆದ್ದರಿಂದ ತನ್ನ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡು ಬಂದಿದ್ದಳು. ಡಿಡಿರೆಸ್ಕ್ಯೂ ಎಂಬ ಪುಕ್ಕಟೆ ಸಾಫ್ಟ್‌ವೇರಿನಿಂದ ಹಳೆ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಇದ್ದ ಹಾಗೇ ಹೊಸ ಡಿಸ್ಕಿಗೆ ನಕಲು ತೆಗೆಯತೊಡಗಿದಳು. ಹಳೆಯದರ ಮೇಲೆ ಒಂದಕ್ಷರವನ್ನೂ ಬರೆಯದೆ.

ಅದರ ಕೆಲಸದ ರೀತಿ ನನಗೆ ಬಹಳ ಮೆಚ್ಚಿಗೆಯಾಯಿತು. ನಮ್ಮ ಅಟ್ಟದಿಂದ ಕಾಯಿ ಇಳಿಸುವ ಆಳು ಹೀಗೇ ಮಾಡುತ್ತಾನೆ. ಕೈಗೆ ಸಲೀಸಾಗಿ ಸಿಗುವುದನ್ನು ಮೊದಲು ಇಳಿಸುತ್ತಾನೆ, ಹಾವಿರಬಹುದಾದ ಮೂಲೆಗೆ ಕೊನೆಗೆ ಕೋಲು ಹಿಡಿದು ಹೋಗುತ್ತಾನೆ. ಇದೂ ಮೊದಲು ಚೆನ್ನಾಗಿರುವ ಜಾಗವನ್ನೆಲ್ಲ ಓದಿ ಮುಗಿಸಿ, ಕಲೆಯಿದ್ದ ಕಡೆ ಹಟ ಮಾಡದೆ ಬಿಟ್ಟು ಮುಂದೆ ಹೋಗಿ, ಆಮೇಲೆ ತಿರುಗಿ ಬಂದು ಅಂಚಿನಿಂದ ಅಂಚಿಗೆ ಕೆರೆಯುತ್ತದೆ. ಎಲ್ಲಿವರೆಗೆ ಆಯಿತು ಅಂತ ಲೆಕ್ಕವನ್ನೂ ಬರೆದಿಟ್ಟುಕೊಳ್ಳುವುದರಿಂದ ಕರೆಂಟು ಹೋದರೂ ಮತ್ತೆ ಅಲ್ಲಿಂದಲೇ ಹಿಡಿಯಬಹುದು. ಕರೆಂಟು ಎರಡು ಸಲ ಹೋಯಿತು ಕೂಡ.

ಮೂರು ರಾತ್ರಿ ನಡೆಯಿತು. ಡಿಸ್ಕು ಬಿಸಿಯಾಗದಿರಲೆಂದು ಟೇಬಲ್ ಫ್ಯಾನ್ ಹಚ್ಚಿ ಇಬ್ಬರೂ ಚಾಪೆಯ ಮೇಲೆ ಕಾದು ಕೂತೆವು. ನನಗೆ ನಿದ್ದೆ ಬಾರದಿರಲೆಂದು ಅವಳೊಂದು ಕಥೆ ಹೇಳಿದಳು. 1998ರಲ್ಲಿ ಅಮೆರಿಕದ ಪಿಕ್ಸಾರ್ ಕಂಪೆನಿಯವರು 'ಟಾಯ್ ಸ್ಟೋರಿ 2' ಅನ್ನುವ ಮಕ್ಕಳ ಸಿನಿಮಾ ಮಾಡುತ್ತಿದ್ದಾಗ ಯಾರೋ ಒಂದು ತಪ್ಪು ಆಜ್ಞೆ ಕೊಟ್ಟು ಸಿನಿಮಾದ ಹೆಚ್ಚುಪಾಲು ಅಳಿಸಿಹೋಯಿತಂತೆ. ಕಾಪಿ ಇದೆಯಲ್ಲ ಅಂತ ನೋಡಿದರೆ ಆ ಕಾಪಿಯೇ ಸರಿಯಾಗಿ ಬರುತ್ತಿರಲಿಲ್ಲ. ಆಗ ಅಲ್ಲಿನ ಗೇಲಿನ್ ಸಸ್ಮನ್ ಎಂಬ ಹೆಂಗಸಿಗೆ ನೆನಪಾಯಿತು. ಆಕೆ ಬಾಣಂತಿ, ಮಗು ನೋಡಿಕೊಳ್ಳುತ್ತಾ ಮನೆಯಿಂದಲೇ ಕೆಲಸ ಮಾಡಲು ಒಂದು ಕಾಪಿಯನ್ನು ತನ್ನ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದಳು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಕಾರಿನಲ್ಲಿ ಮಲಗಿಸಿಕೊಂಡು ತಂದರಂತೆ. "ನೋಡು, ಬಾಣಂತಿ ಮನೆಯಲ್ಲಿದ್ದದ್ದೇ ಕೆಲಸಕ್ಕೆ ಬಂತು" ಅಂದೆ. ಮನೆಯಲ್ಲಿ ಕೂತ ಹೆಂಗಸರನ್ನು ಕಂಡರೆ ಕೆಲಸವಿಲ್ಲದವರು ಅನ್ನುವವರಿಗೆ ಈ ಕಥೆ ಹೇಳಬೇಕು ಅನ್ನಿಸಿತು.

ನಾನೂ ಸುಮ್ಮನಿರಲಿಲ್ಲ. ಸಾವಿರ ವರ್ಷದ ಹಿಂದಿನ ನಮ್ಮ ದಾನಚಿಂತಾಮಣಿ ಅತ್ತಿಮಬ್ಬೆಯ ಕಥೆ ಹೇಳಿದೆ. ಪೊನ್ನನ 'ಶಾಂತಿಪುರಾಣ'ವನ್ನು ತಾಳೆಗರಿಯಲ್ಲಿ ಸಾವಿರ ಪ್ರತಿ ಬರೆಸಿ ಹಂಚಿದ ಮಹಾತಾಯಿ. ಆಕೆ ಒಂದೇ ಪೆಟ್ಟಿಗೆಯಲ್ಲಿ ಎರಡು ಪ್ರತಿ ಇಟ್ಟು ನೆಮ್ಮದಿಯಾಗಿ ಕೂರಲಿಲ್ಲ. ನಮ್ಮನೆಯವರು ಎಡವಿದ್ದು ಅಲ್ಲೇ. ಒಂದೇ ಅಟ್ಟದಲ್ಲಿ ಎರಡು ರಾಶಿ ಹಾಕಿ ಎರಡು ಅಟ್ಟ ಅಂದುಕೊಂಡಿದ್ದರು. ಬೆಂಕಿ ಬಿದ್ದರೆ, ಸಿಡಿಲು ಬಡಿದರೆ, ಕಳ್ಳ ಬಂದರೆ ಎರಡೂ ಒಟ್ಟಿಗೇ. ತಪ್ಪಿ ಒಂದು ಫೋಟೊ ಅಳಿಸಿದರೂ ಕನ್ನಡಿಯಲ್ಲಿ ಅದೇ ಕ್ಷಣ ಅಳಿಸಿಹೋಗುತ್ತದೆ. ಒಂದೇ ದಿನ ಕೊಂಡ ಎರಡು ಡಿಸ್ಕಿಗೆ ಮುಪ್ಪೂ ಒಟ್ಟಿಗೇ ಬರುತ್ತದೆ. ಇದನ್ನೆಲ್ಲ ಇವರ ಎದುರಿಗೆ ಹೇಳಿದ್ದರೆ ಏನನ್ನುತ್ತಿದ್ದರೋ. ಮೇಷ್ಟರಿಗೆ ತಪ್ಪು ತೋರಿಸಿದರೆ ಎರಡು ದಿನ ಮಾತಿರುತ್ತಿರಲಿಲ್ಲ.

ಮೂರನೆ ದಿನ ಬೆಳಿಗ್ಗೆ ಲೆಕ್ಕ ಬಂತು. ಎರಡು ಟೆರಾಬೈಟಿನಲ್ಲಿ ಓದಲಾಗದೆ ಉಳಿದದ್ದು ಸುಮಾರು ನಲವತ್ತು ಮೆಗಾಬೈಟು. ಐವತ್ತು ಸಾವಿರ ಕಾಯಿಯಲ್ಲಿ ಒಂದು ಕಾಯಿ ಕೌಟಾದ ಹಾಗೆ ಅಂತ ನಾನು ಹಿಗ್ಗಿದೆ. ಅವಳು ಹಿಗ್ಗಲಿಲ್ಲ. "ಆ ಒಂದು ಕಾಯಿ ಎಲ್ಲಿದೆ ನೋಡಬೇಕಲ್ಲ ದೊಡ್ಡಮ್ಮ" ಅಂದಳು. ನಕಲಿನಿಂದ ಒಂದೊಂದೇ ತೆರೆದಳು. ಪಹಣಿ ಇತ್ತು. ಆಲ್ಬಮ್ಮಿನಲ್ಲಿ ಮೂರು ಫೋಟೊ ಅರ್ಧಕ್ಕೇ ಬೂದಿ ಬಣ್ಣ. ಕಳೆದ ಎಂಟು ತಿಂಗಳದ್ದು ಈ ಡಿಸ್ಕಿನಲ್ಲಿ ಇರಲೇ ಇಲ್ಲ. ಅದು ಹೆಚ್ಚಾಗಿ ಮೊಮ್ಮಗನ ಫೋಟೊ, ಮಗನ ಫೋನಿನಲ್ಲೂ ಇತ್ತು. 'ಅಮ್ಮ' ಅನ್ನುವ ಫೋಲ್ಡರನ್ನು ನಾನೇ ಕೊನೆಗೆ ಇರಲಿ ಅಂದಿದ್ದೆ.

ಇಪ್ಪತ್ತಮೂರರಲ್ಲಿ ಇಪ್ಪತ್ತೊಂದು ಹಾಡು ಇದ್ದ ಹಾಗೇ ಬಂದವು. ಒಂದು ತೆರೆಯಲೇ ಇಲ್ಲ, ರಾಗಿ ಬೀಸುವ ಪದ ಅದು. ಇನ್ನೊಂದು, ಮದುವೆಯ ರಾತ್ರಿಯದು, ನಡುವೆ ಹನ್ನೆರಡು ಸೆಕೆಂಡು ನಿಂತು ಮತ್ತೆ ಮುಂದುವರಿಯುತ್ತಿತ್ತು. ಅತ್ತೆಯ ಆ ಗಟ್ಟಿ ಗಂಟಲು ಕೋಣೆ ತುಂಬಿದಾಗ ತಂಗಿಯ ಮಗಳು ಪರದೆ ನೋಡುತ್ತಾ ಕೂತಿದ್ದಳು, ನನ್ನ ಕಡೆ ತಿರುಗಲಿಲ್ಲ. ಒಳ್ಳೆ ಹುಡುಗಿ. ಹಾಡು ಮುಗಿದ ಮೇಲೂ ಟೇಪು ಸ್ವಲ್ಪ ಹೊತ್ತು ಓಡಿತ್ತು. "ಅಮ್ಮಾ, ಇನ್ನೊಂದ್ ಹೇಳಮ್ಮ" ಅಂತ ಇವರ ದನಿ, ಮೂವತ್ತು ವರ್ಷ ಹಿಂದಿನದು, ಇನ್ನೂ ತೆಳ್ಳಗಿತ್ತು. ಅದರ ಹಿಂದೆ ದೂರದಿಂದ, "ರೀ, ಅದನ್ನ ಆರಿಸಿ ಇಲ್ಲಿ ಬಂದು ಒಲೆ ನೋಡ್ರೀ" ಅಂತ ಒಬ್ಬ ಹುಡುಗಿಯ ದನಿ. ಯಾರಿದು ಅಂತ ಒಂದು ಗಳಿಗೆ ನನಗೇ ತಿಳಿಯಲಿಲ್ಲ.

ಈಗ ವ್ಯವಸ್ಥೆ ಬೇರೆಯಾಗಿದೆ. ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕ 2005ರಲ್ಲಿ ಬಂದ ತನ್ನ ಪುಸ್ತಕದಿಂದ ಜನಪ್ರಿಯ ಮಾಡಿದ ಒಂದು ಲೆಕ್ಕವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಡಬ್ಬಕ್ಕೆ ಹೊಸ ಡಿಸ್ಕುಗಳು ಬಂದವು. ಇನ್ನೊಂದು ಪ್ರತಿ ಹೊರಗಿನ ಡಿಸ್ಕಿನಲ್ಲಿ ತುರುವೇಕೆರೆಯ ತಂಗಿಯ ಬೀರುವಿನಲ್ಲಿ, ಧಾರೆ ಸೀರೆಯ ಪಕ್ಕದಲ್ಲಿದೆ. ಹಾಡುಗಳು ಮಾತ್ರ ಇಂಟರ್ನೆಟ್ಟಿನಲ್ಲಿ ಬಾಡಿಗೆ ಜಾಗದಲ್ಲೂ ಇವೆ, ಒಂದು ಪೆನ್‌ಡ್ರೈವಿನಲ್ಲಿ ಚಿಕ್ಕನಾಯಕನಹಳ್ಳಿಯ ನನ್ನ ತವರಿಗೂ ಹೋಗಿವೆ. ಆರು ತಿಂಗಳಿಗೊಮ್ಮೆ ಎಲ್ಲ ಕಡೆಯದನ್ನೂ ತೆರೆದು ಕೇಳುತ್ತೇನೆ. ಅಟ್ಟಕ್ಕೆ ಹಾಕಿದ ಕಾಯನ್ನು ಆಗಾಗ ಕುಲುಕಿ ನೋಡಬೇಕಲ್ಲ. ಡಬ್ಬದ ಪತ್ರ ಈಗ ನನ್ನ ಹೆಸರಿಗೆ ಬರುತ್ತದೆ. ಆ ಹಿಂದಿನ ಗುಂಡಿಯನ್ನು ಮುಟ್ಟುವುದಿಲ್ಲ. ದಸರೀಘಟ್ಟದ ಹರಕೆಯೂ ತೀರಿತು.

ಆ ವರ್ಷ ಗೌರಿಹಬ್ಬಕ್ಕೆ ನಾದಿನಿ ಬಂದಿದ್ದಳು. ಅವಳ ಮದುವೆಯ ಹಾಡನ್ನು ಅವಳಿಗೆ ಕೇಳಿಸಿದೆ. ನಡುವೆ ನಿಂತುಹೋಗುತ್ತದೆ ಅಂತ ಮೊದಲೇ ಹೇಳಲು ಮರೆತಿದ್ದೆ. ಅವಳು ಹೂ ಕಟ್ಟುತ್ತಾ ಕೇಳುತ್ತಿದ್ದಳು. ಅತ್ತೆಯ ದನಿ ಫಕ್ಕನೆ ನಿಂತ ಕಡೆ, ತಲೆಯೆತ್ತದೆ, ದಾರ ಬಿಡದೆ, ಮುಂದಿನ ಸೊಲ್ಲನ್ನು ಅವಳೇ ಎತ್ತಿಕೊಂಡಳು. ಆದರೆ ಅವಳದು ಮೊದಲಿಂದಲೂ ನಿಧಾನ. ಹನ್ನೆರಡು ಸೆಕೆಂಡು ಕಳೆದು ಅತ್ತೆ ತಿರುಗಿ ಬಂದಾಗ ಅವರು ಆಗಲೇ ಒಂದು ಸೊಲ್ಲು ಮುಂದೆ ಇದ್ದರು. "ಅಮ್ಮ ಯಾವಾಗಲೂ ಹೀಗೇ, ಯಾರಿಗೂ ಕಾಯೋದೇ ಇಲ್ಲ" ಅಂತ ನಾದಿನಿ ಬೈದುಕೊಂಡು ಓಡಿ ಹೋಗಿ ಜೊತೆ ಸೇರಿದಳು.